ಒಡೆದದ್ದು ಕೂಡದ ಓಣಿ

ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನನ್ನ ಕೈಯಿಂದ ಅತ್ತೆಯವರ ಉಪ್ಪಿನಕಾಯಿ ಭರಣಿ ಜಾರಿ ಬಿದ್ದು ಹೋಳು ಹೋಳಾಯಿತು. ಯಾರಿಗೆ ಏನು ಉತ್ತರ ಕೊಡಲಿ ಎಂದು ಚೂರುಗಳ ಮುಂದೆ ಅಳುತ್ತ ಕೂತಿದ್ದೆ. ಒಳಗೆ ಬಂದ ನನ್ನ ಓರಗಿತ್ತಿ ಬಂಗಾರೆವ್ವ ಆ ಚೂರುಗಳನ್ನು ಪೊರಕೆಯಿಂದ ಒಂದು ಕಡೆ ಸೇರಿಸಿ, ಮೇಲೆ ಬುಟ್ಟಿ ಬೋರಲು ಹಾಕಿ, ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. "ಇತ್ತಾಗ ಬಾ ಕಸ್ತೂರಿ. ನೋಡ್ಕೋತ ಕುಂದರಬ್ಯಾಡ. ನೋಡಿದ್ರ ಅವು ನಾಚ್ಕೋತಾವು" ಎಂದಳು. ಇಬ್ಬರೂ ಹಿತ್ತಲಿಗೆ ಹೋಗಿ ಬಟ್ಟೆ ಒಗೆದು ಹರವಿ ಬಂದೆವು. ಬುಟ್ಟಿ ಎತ್ತಿದರೆ ಭರಣಿ ಗೀರು ಕೂಡ ಇಲ್ಲದೆ ನಿಂತಿತ್ತು. ಒಳಗಿದ್ದ ಉಪ್ಪಿನಕಾಯಿ ಮಾತ್ರ ನೆಲದ ಪಾಲಾಗಿತ್ತು. ಅದನ್ನು ಬಳಿಯುವುದಕ್ಕೆ ನನ್ನನ್ನೇ ಬಿಟ್ಟು ಬಂಗಾರೆವ್ವ ಅಕ್ಕ ನಗುತ್ತ ಹೋದಳು.

ಇಲ್ಲಿ ಎಲ್ಲವೂ ಹಾಗೆಯೇ. ಒಡೆದದ್ದು, ಹರಿದದ್ದು, ಮುರಿದದ್ದು ಯಾರೂ ನೋಡದಿರುವಾಗ ತಾನಾಗಿ ಕೂಡಿಕೊಳ್ಳುತ್ತದೆ. ಮುಪ್ಪು ಮಾತ್ರ ಮುಪ್ಪೇ, ಜ್ವರ ಜ್ವರವೇ, ಹೊಳೆಗೆ ಬಿದ್ದವರು ಹೊಳೆಗೆ ಬಿದ್ದವರೇ. ಆದರೆ ಕೊಡ ಸೋರಿದರೆ, ಚಪ್ಪಲಿಯ ಉಂಗುಟ ಕಿತ್ತರೆ, ಹುಡುಗರು ಮರದಿಂದ ಬಿದ್ದು ಕೈಕಾಲು ಮುರಿದುಕೊಂಡರೆ ಇಲ್ಲಿ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಮುರಿದ ಕಾಲಿನ ಮೇಲೆ ಕಂಬಳಿ ಹೊದಿಸಿ ಮಲಗಿಸಿದರೆ ಮರುದಿನ ಅದೇ ಮರದ ಮೇಲಿರುತ್ತಾರೆ. ಕಲಾಯಿ ಹಾಕುವವರು, ಕೊಡಕ್ಕೆ ಬೆಸುಗೆ ಹಾಕುವವರು ಈ ಕಡೆ ಸುಳಿಯುವುದಿಲ್ಲ. ಸೂಜಿ ಎಂದರೆ ಊರವರಿಗೆ ಅಂಗಾಲಿನ ಮುಳ್ಳು ತೆಗೆಯುವ ಸಾಧನ, ಅಷ್ಟೇ. ನಾನು ತವರಿನಿಂದ ತಂದ ಸೂಜಿದಾರದ ಡಬ್ಬಿ ಪೆಟ್ಟಿಗೆಯ ತಳದಲ್ಲಿ ತುಕ್ಕು ಹಿಡಿಯುತ್ತಿತ್ತು.

ಬಂಗಾರೆವ್ವ ಅಕ್ಕನಂಥ ಹೆಂಗಸಿಗೆ ಈ ಊರೇ ಸರಿ. ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. ಅವಳ ಕೈಗೆ ಸಿಕ್ಕ ಲೋಟ ಮೂಲೆ ಸೇರುತ್ತಿತ್ತು, ಬಾಗಿಲು ಗೋಡೆಗೆ ಅಪ್ಪಳಿಸುತ್ತಿತ್ತು. ನಮ್ಮ ಓಣಿಯ ಬಾಯಲ್ಲೇ ಅವಳ ಖಾನಾವಳಿ. ಬೆಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ, ನಡುನಡುವೆ ಏನೋ ಒಡೆದ ಸಪ್ಪಳ, ಅದರ ಹಿಂದೆಯೇ ಅವಳ ನಗು. ಭಾವನವರಾದ ಗುರುಪಾದಪ್ಪ ಸಣಕಲು ದೇಹದ ಮಿತಭಾಷಿ. ಬಡಿಸುವುದು ಅವರ ಕೆಲಸ. ಹೂಂ ಮತ್ತು ಉಹೂಂ ಎಂಬೆರಡರಲ್ಲೇ ಅವರ ಸಂಸಾರ ನಡೆದುಬಂದಿತ್ತು. ಮಕ್ಕಳಾಗಿರಲಿಲ್ಲ. ನನ್ನ ಗಂಡ ಬಸ್ಸಿನ ಕೆಲಸದಲ್ಲಿ ಊರೂರು ಸುತ್ತುತ್ತಿದ್ದುದರಿಂದ ನಾನು ಹಗಲೆಲ್ಲ ಅವಳ ಅಡುಗೆಮನೆಯಲ್ಲೇ ಇರುತ್ತಿದ್ದೆ. ನಡುವೆ ಒಂದೇ ಗೋಡೆ. ಅವಳು ಬೈದರೆ ನನಗೆ ಕೇಳುತ್ತಿತ್ತು, ನಾನು ಅತ್ತರೆ ಅವಳಿಗೆ.

ಆ ವರ್ಷ ಸುಗ್ಗಿಯ ಹೊತ್ತಿಗೆ ಅಕ್ಕನ ಊಟ ಕಡಿಮೆಯಾಯಿತು. ಎರಡು ತುತ್ತಿಗೇ ಹೊಟ್ಟೆ ತುಂಬಿತು ಎನ್ನುತ್ತಿದ್ದಳು. ಮುಖ ಇಳಿಯುತ್ತ ಹೋದರೂ ಹೊಟ್ಟೆ ಮಾತ್ರ ಬಾತುಕೊಳ್ಳುತ್ತ ಬಂತು. "ವಾಯು ಆಗೈತಿ ಬಿಡು" ಎಂದು ಅಜವಾನ ಅಗಿದಳು. ಒಂದು ದಿನ ಹಿಟ್ಟು ನಾದುತ್ತಿದ್ದವಳು ಹಾಗೆಯೇ ಗೋಡೆಗೊರಗಿ ಕೂತುಬಿಟ್ಟಳು. "ಕಸ್ತೂರಿ, ನಮ್ಮವ್ವನೂ ಹೊಟ್ಟಿ ಬಾತೇ ಹ್ವಾದಳು" ಎಂದಳು. ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಘಟ್ಟದ ಆಚೆಯ ದೊಡ್ಡ ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಂಡಾಶಯದಲ್ಲಿ ಕ್ಯಾನ್ಸರ್ ಎಂದರು. ಆಪರೇಷನ್ ಆಯಿತು. ಕೈಗೆ ಸೂಜಿ ಚುಚ್ಚಿ ಬಾಟಲಿಗಟ್ಟಲೆ ಔಷಧಿ ಹರಿಸಿದರು. ಕೂದಲು ಉದುರಿತು. ಅಕ್ಕ ಬೋಳು ತಲೆಗೆ ಸೆರಗು ಹೊದ್ದು, ಪಕ್ಕದ ಹಾಸಿಗೆಯವರಿಗೆ ಬದನೆಕಾಯಿ ಎಣಗಾಯಿಗೆ ಶೇಂಗಾ ಎಷ್ಟು ಹುರಿಯಬೇಕೆಂದು ಹೇಳಿಕೊಡುತ್ತಿದ್ದಳು. ಗಡ್ಡೆಯ ಉಳಿಕೆಯೆಲ್ಲ ಕರಗಿತು ಎಂದು ಡಾಕ್ಟರು ಹೇಳಿದಾಗ ಭಾವನವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಊರಿಗೆ ಬಂದು ಒಂದು ಹಬ್ಬ ಕಳೆಯುವಷ್ಟರಲ್ಲಿ ಅಕ್ಕನ ಹೊಟ್ಟೆ ಮತ್ತೆ ಬಾತಿತು. ಮತ್ತೆ ಹೋದೆವು, ಮತ್ತೆ ಬಾಟಲಿ ಹಾಕಿದರು, ಮತ್ತೆ ಕರಗಿತು. ಮನೆಗೆ ಬಂದಮೇಲೆ ಮತ್ತೆ ಬೆಳೆಯಿತು.

ಆಗ ಡಾಕ್ಟರ್ ವಿದುಲಾ ಎಂಬ ಹೆಣ್ಣುಮಗಳು ಅಕ್ಕನ ಹಾಸಿಗೆಯ ಮೇಲೇ ಕೂತು, ನೀವು ಯಾವ ಊರಿನವರು ಎಂದು ಕೇಳಿದರು. ಹೇಳಿದೆವು. ನಮ್ಮ ಊರಿನ ಗುಣ ಕೇಳಿ ಬಲ್ಲ ಅವರು ಕನ್ನಡಕ ತೆಗೆದರು.

"ನೋಡಿ ಬಂಗಾರೆವ್ವ, ಒಂದೊಂದು ಜೀವಕೋಶದ ಒಳಗೂ ದಾರದ ಉಂಡೆಯಂಥದ್ದು ಒಂದಿರುತ್ತೆ. ಅದು ದಿನಾ ಅಲ್ಲಲ್ಲಿ ಹರಿಯುತ್ತೆ. ಹರಿದದ್ದನ್ನ ಕೂಡಿಸೋ ಕೆಲಸಗಾರರೂ ಅಲ್ಲೇ ಇರ್ತಾರೆ. ಅವಕ್ಕೆ ಎಂಜೈಮು ಅಂತೀವಿ. ನೀವು ಉಂಡ ರೊಟ್ಟಿ ಅರಗಿಸೋದೂ ಎಂಜೈಮೇ, ಆದರೆ ಇವುಗಳ ಕಸುಬು ಬೇರೆ. ನಾವು ಬಾಟಲಿ ಹಾಕಿ ಗಡ್ಡೆಯ ದಾರ ಹರಿದು ಹಾಕ್ತೀವಿ. ಇವು ಹಿಂದಿನಿಂದ ಬಂದು ಕೂಡಿಸ್ತಾ ಹೋಗ್ತವೆ."

"ನಮ್ಮೂರಾಗ ಎಲ್ಲಾನೂ ಕೂಡ್ತಾವ್ರಿ" ಎಂದಳು ಅಕ್ಕ.

"ಎಲ್ಲಾ ಊರಲ್ಲೂ ಒಳಗೊಳಗೆ ಕೂಡೋದೇ. ನಿಮ್ಮಲ್ಲಿ ಬೇಗ, ಅಷ್ಟೇ. ಈಗ ಕೇಳಿ. ಒಳ್ಳೆಯ ಜೀವಕೋಶದಲ್ಲಿ ದೊಡ್ಡ ಹರಕು ಕೂಡಿಸೋನು ಒಬ್ಬ, ಸಣ್ಣ ಹರಕು ಕೂಡಿಸೋನು ಒಬ್ಬ. ನಿಮ್ಮ ಗಡ್ಡೆಯಲ್ಲಿ ದೊಡ್ಡವನು ಇಲ್ಲವೇ ಇಲ್ಲ. ಅದು ತಾಯಿ ಕಡೆಯಿಂದ ಅರ್ಧ ಬಂದ ದೋಷ, ಗಡ್ಡೆಯಲ್ಲಿ ಪೂರ್ತಿಯಾಗಿದೆ. ಗಡ್ಡೆಯ ಸಂಸಾರವೆಲ್ಲ ಆ ಸಣ್ಣವನೊಬ್ಬನ ಮೇಲೆ ನಡೀತಿದೆ. ಒಂದು ಗುಳಿಗೆ ಇದೆ. ಅದು ಆ ಸಣ್ಣವನ ಕೈ ಹಿಡಿದು ಕೂರಿಸುತ್ತೆ. ಆಮೇಲೆ ಗಡ್ಡೆಯಲ್ಲಿ ಹರಿದದ್ದು ಹರಿದೇ ಉಳಿಯುತ್ತೆ. ಹರಿದು ಹರಿದು ತಾನೇ ಸಾಯುತ್ತೆ."

"ಮತ್ತ ನನ್ನ ಉಳಿದ ಮೈ?"

"ಅಲ್ಲಿ ದೊಡ್ಡವನು ಇದ್ದಾನಲ್ಲ, ಹೇಗೋ ಸಂಭಾಳಿಸ್ತಾನೆ. ಸುಸ್ತಾಗುತ್ತೆ, ವಾಕರಿಕೆ ಬರುತ್ತೆ, ರಕ್ತ ಕಡಿಮೆಯಾಗಬಹುದು. ಬೆಳಿಗ್ಗೆ ಸಂಜೆ ತಪ್ಪದೆ ತಗೋಬೇಕು, ವರ್ಷಗಟ್ಟಲೆ." ಡಾಕ್ಟರು ಕನ್ನಡಕ ಹಾಕಿಕೊಂಡರು. "ನಿಮ್ಮ ಊರಲ್ಲಿ ಈ ಗುಳಿಗೆ ಯಾರೂ ತಗೊಂಡಿಲ್ಲ. ಅಲ್ಲಿ ಇನ್ನೇನಾಗುತ್ತೋ ನನಗೂ ಗೊತ್ತಿಲ್ಲ."

ಏನಾಗುತ್ತದೆಂದು ಬೇಗನೆ ಗೊತ್ತಾಯಿತು. ಗುಳಿಗೆ ಶುರುವಾದ ಮೊದಲ ವಾರವೇ ಅಕ್ಕ ಎಂದಿನಂತೆ ಒಂದು ಚಹಾದ ಕಪ್ಪು ಬೀಳಿಸಿದಳು. ಬುಟ್ಟಿ ಮುಚ್ಚಿದೆವು. ಊಟವಾದ ಮೇಲೆ ತೆಗೆದು ನೋಡಿದರೆ ಚೂರು ಚೂರಾಗಿಯೇ ಇತ್ತು. ಮತ್ತೆ ಮುಚ್ಚಿದೆವು. ಮರುದಿನ, ಅದರ ಮರುದಿನ ನೋಡಿದರೂ ಹಾಗೆಯೇ ಇತ್ತು. ಅಕ್ಕ ಆ ಚೂರುಗಳನ್ನು ಮೊರದಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಇವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ನಿಂತಳು. ಒಡೆದದ್ದನ್ನು ಎಸೆಯುವ ಜಾಗ ಈ ಊರಿನ ಯಾರ ಹಿತ್ತಲಲ್ಲೂ ಇರಲಿಲ್ಲ.

ಅದು ಅವಳ ಮನೆಗಷ್ಟೇ ನಿಲ್ಲಲಿಲ್ಲ. ಮೊದಲು ನನ್ನ ಮನೆ, ಆಮೇಲೆ ಎದುರು ಸಾಲು, ಕೊನೆಗೆ ನೀರಿನ ಬೋರಿನ ತನಕ ಓಣಿಯಲ್ಲಿ ಯಾವುದೂ ಕೂಡದಾಯಿತು. ನೆರೆಯ ಶೇಖವ್ವನ ಹಗ್ಗದ ಮಂಚ ಹರಿದು ಜೋತಾಡಿತು. ಮಕ್ಕಳು ಮಂಡಿ ತರಚಿಕೊಂಡು ಬಂದು, ಕಣ್ಣು ಮುಚ್ಚಿ ತೆಗೆದರೂ ರಕ್ತ ಹೋಗದ್ದನ್ನು ಕಂಡು ದೊಡ್ಡವರ ಮುಖ ನೋಡಿದವು. ಜನ ನಡೆಯುವ ರೀತಿಯೇ ಬದಲಾಯಿತು. ಹೆಂಗಸರು ಕೊಡವನ್ನು ಮಲಗಿದ ಕೂಸಿನಂತೆ ಇಳಿಸತೊಡಗಿದರು. ಬಾಗಿಲುಗಳು ಮೆಲ್ಲಗೆ ಹಾಕಿಕೊಂಡವು. ಬಳೆಗಾರ ಹುಸೇನಸಾಬ ಮಾತ್ರ ಖುಷಿಯಾಗಿದ್ದ. ಊರಿನ ಯಾವ ಓಣಿಯಲ್ಲೂ ನಡೆಯದ ವ್ಯಾಪಾರ ನಮ್ಮಲ್ಲಿ ನಡೆಯುತ್ತಿತ್ತು. "ಬಂಗಾರೆವ್ವನ ಪುಣ್ಯ" ಎಂದು ಅವನು ಖಾನಾವಳಿಯ ಮುಂದೆ ಬಳೆಯ ಮಲಾರ ಇಳಿಸಿ, ಅಕ್ಕನ ಕೈಗೆ ತಾನೇ ಆರಿಸಿದ ಹಸಿರು ಬಳೆ ಇಡಿಸಿ ಹೋದ.

ಒಂದು ಮಧ್ಯಾಹ್ನ ಭಾವನವರು ನಮ್ಮ ಹೊಸ್ತಿಲ ಹೊರಗೆ ಬಂದು ನಿಂತರು. ನಮ್ಮಲ್ಲಿ ಭಾವನ ಎದುರು ನಿಂತು ಮಾತಾಡುವ ರೂಢಿ ಕಡಿಮೆ. ನಾನು ಸೆರಗು ಸರಿಮಾಡಿಕೊಂಡು ಬಾಗಿಲ ಮರೆಗೆ ಸರಿದೆ. ಅವರು ಗೋಡೆಯನ್ನು ನೋಡುತ್ತ ಹೇಳಿದರು. "ನಿಮ್ಮ ತವರಿನ್ಯಾಗ ಹರಕಾ ಹೊಲೀತಾರಂತಲ್ಲ. ಆಕೀದೊಂದು ಸೀರಿ ಹರದೈತಿ. ಆಕಿಗೆ ಅದಂದ್ರ ಭಾಳ ಪ್ರೀತಿ. ಆಕಿಗೆ ಗೊತ್ತಾಗೂದು ಬ್ಯಾಡ."

"ಕೊಡ್ರಿ ಭಾವಾರ, ನಾ ಹೊಲದು ಕೊಡ್ತೀನಿ."

"ಉಹೂಂ. ನಾ ಹೊಲೀತೀನಿ. ತೋರಸ್ರಿ."

ನಾನು ತುಕ್ಕು ಹಿಡಿದ ಸೂಜಿಯನ್ನು ಕಲ್ಲಿಗೆ ಉಜ್ಜಿ, ದಾರ ಪೋಣಿಸುವುದರಿಂದ ಶುರುಮಾಡಿದೆ. ನಾನು ಒಳಗೆ, ಅವರು ಹೊರಗೆ, ನಡುವೆ ಹೊಸ್ತಿಲು. ಬಿಸಿ ಪಲ್ಯದ ಪಾತ್ರೆಯನ್ನು ಬರಿಗೈಯಲ್ಲಿ ಎತ್ತುವ ಆ ಕೈಗೆ ದಾರದ ತುದಿ ಹಿಡಿಯಲು ಬರಲಿಲ್ಲ. ಅರ್ಧ ಮಧ್ಯಾಹ್ನ ಅದರಲ್ಲೇ ಹೋಯಿತು. ಕೊನೆಗೆ ಹೊಲಿದು ಮುಗಿಸಿ ಎದ್ದು ನಿಂತರೆ ಸೀರೆ ಅವರ ಜೊತೆಗೇ ಎದ್ದು ಬಂತು. ಸೀರೆಗೂ ಧೋತರಕ್ಕೂ ಸೇರಿಸಿ ಹೊಲಿದುಬಿಟ್ಟಿದ್ದರು. ಅಷ್ಟು ಹೊತ್ತು ತಡೆದುಕೊಂಡಿದ್ದ ನನಗೆ ನಗು ತಡೆಯಲಾಗಲಿಲ್ಲ. ಗೋಡೆಯ ಆಚೆಯಿಂದ ಅಕ್ಕನ ದನಿ ಬಂತು. "ಏನ್ ನಗ್ತೀ ಕಸ್ತೂರಿ, ನನಗೂ ಹೇಳು. ನಕ್ಕು ಭಾಳ ದಿನ ಆಗೈತಿ." ಹೇಳದೆ ಬೇರೆ ದಾರಿ ಇರಲಿಲ್ಲ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಪರೇಷನ್ ಆದ ಜಾಗ ನೋಯುತ್ತದೆ ಎನ್ನುತ್ತಲೇ ನಕ್ಕಳು.

ಅಲ್ಲಿಂದ ಭಾವನವರ ಹೊಲಿಗೆ ನಿಲ್ಲಲಿಲ್ಲ. ರವಿಕೆಯ ಕೊಕ್ಕೆ, ದಿಂಬಿನ ಚೀಲ, ಹಿಟ್ಟಿನ ಚೀಲ, ಓಣಿಯ ಹುಡುಗರ ಪಾಟಿಚೀಲ ಎಲ್ಲವೂ ಅವರ ಕೈಗೆ ಬಂದವು. ಹೊಲಿಗೆ ಸೊಟ್ಟ, ಆದರೆ ಬಿಗಿ. ಅಕ್ಕನಿಗೆ ವಾಕರಿಕೆ ಬಂದು ಮಲಗಿದ ಹೊತ್ತಿನಲ್ಲಿ ಅವರು ಹಾಸಿಗೆಯ ಪಕ್ಕ ಹೊಲಿಯುತ್ತ ಕೂತಿರುತ್ತಿದ್ದರು. ಅವಳು ಕಣ್ಣು ತೆರೆದಾಗ ಸೂಜಿ ನಿಲ್ಲುತ್ತಿತ್ತು. ನೀರು ಬೇಕೇ ಎಂಬಂತೆ ನೋಡುತ್ತಿದ್ದರು. ಅವಳು ಬೇಡ ಎಂದು ತಲೆಯಾಡಿಸಿದರೆ ಸೂಜಿ ಮತ್ತೆ ಓಡುತ್ತಿತ್ತು. ಹೊಟ್ಟೆಯ ಬಾವು ಇಳಿಯುತ್ತ ಬಂತು. ರಕ್ತ ಪರೀಕ್ಷೆ ನೋಡಿದ ಡಾಕ್ಟರ್ ವಿದುಲಾ, ಗಡ್ಡೆ ಸೋಲುತ್ತಿದೆ ಎಂದರು.

ಹೀಗಿರುವಾಗ ನಿಂಗಜ್ಜ ಬಿದ್ದ. ಖಾನಾವಳಿಯ ಎದುರು ಮನೆಯ ಮುದುಕ. ಹೆಂಡತಿ ತೀರಿಕೊಂಡ ಮೇಲೆ ಎರಡು ಹೊತ್ತಿನ ಊಟ ಅಕ್ಕನಲ್ಲೇ. ಉಳಿದ ಹೊತ್ತೆಲ್ಲ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನು ಬೈಯುವುದು ಅವನ ಕೆಲಸ. ಆ ಕಟ್ಟೆಯಿಂದಲೇ ಇಳಿಯುವಾಗ ಕಾಲು ಜಾರಿ ಬಲಗೈ ಊರಿ ಬಿದ್ದ. ಮುಂಗೈ ಮುರಿಯಿತು. ಅಭ್ಯಾಸಬಲದಿಂದ ಕಂಬಳಿ ಹೊದಿಸಿದೆವು. ಮರುದಿನಕ್ಕೆ ಕೈ ಕುಂಬಳಕಾಯಿಯಂತೆ ಊದಿತ್ತು. ಕೊನೆಗೆ ದೊಡ್ಡ ಊರಿಗೆ ಕರೆದೊಯ್ದು ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಈ ಊರಿನಲ್ಲಿ ಯಾರೂ ಅಂಥದ್ದನ್ನು ನೋಡಿರಲಿಲ್ಲ. ಬೇರೆ ಓಣಿಯ ಜನ ಬಂದು ಮುಟ್ಟಿ ನೋಡಿ ಹೋದರು.

ನಿಂಗಜ್ಜನ ಬೈಗುಳಕ್ಕೆ ಹೊಸ ವಿಷಯ ಸಿಕ್ಕಿತು. "ಒಬ್ಬಾಕಿ ಗುಳಿಗಿ ನುಂಗಿದ್ರ ನಾ ಯಾಕ ಎಡಗೈಲೇ ಉಣ್ಣಬೇಕು" ಎಂದು ಕಟ್ಟೆಯ ಮೇಲಿಂದ ದಿನವೂ ಕೂಗುತ್ತಿದ್ದ. ಬೋರಿನ ಹತ್ತಿರ ಶೇಖವ್ವ ದನಿ ತಗ್ಗಿಸಿ ಹೇಳಿದಳು. "ಬಂಗಾರೆವ್ವ ಉಳೀಬೇಕು, ಇಲ್ಲ ಅನ್ನೂದಿಲ್ಲ. ಆದ್ರ ಕೂಸುಗಳಿದ್ದ ಓಣಿ. ನಾಳೆ ಯಾವುದಾರ ಕೂಸು ಬಿದ್ರ? ಆಸ್ಪತ್ರಿ ಹತ್ರಾನ ಎಲ್ಲಿಯರ ಇದ್ದು ಗುಳಿಗಿ ತಗೋಬಾರದೇನು?" ಅವಳ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಅವಳ ಮಗಳು ಆಗಷ್ಟೇ ಅಂಬೆಗಾಲಿಡುವ ಕೂಸನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ನಾನು ಕೊಡ ಎತ್ತಿಕೊಂಡೆ. ತಿರುಗಿ ನೋಡಿದರೆ ಹಿಂದೆಯೇ ಅಕ್ಕ ನಿಂತಿದ್ದಳು. ಅವಳು ಏನೂ ಕೇಳಿಸಿಕೊಳ್ಳದವಳಂತೆ ತನ್ನ ಕೊಡವನ್ನು ಮೆಲ್ಲಗೆ ಇಳಿಸಿದಳು.

ಅದಾದ ಸ್ವಲ್ಪ ದಿನಕ್ಕೆ ಅಕ್ಕ ಲವಲವಿಕೆಯಿಂದ ಓಡಾಡತೊಡಗಿದಳು. ವಾಕರಿಕೆ ನಿಂತಿತು, ಮುಖಕ್ಕೆ ರಂಗು ಬಂತು. ಮೈಗೆ ಗುಳಿಗೆ ಹೊಂದಿಕೊಂಡಿತು ಎಂದು ನಾವು ಸಂತೋಷಪಟ್ಟೆವು. ಭಾವನವರ ಹೊಲಿಗೆಯೂ ಒಮ್ಮೆಲೆ ಸುಧಾರಿಸಿತು. ಅವರು ಹೊಲಿದ ದಿಂಬಿನ ಚೀಲ ತಂದು ತೋರಿಸಿದರು. ಎಲ್ಲಿ ಹರಿದಿತ್ತೆಂದು ಹುಡುಕಬೇಕು, ಅಷ್ಟು ಚೊಕ್ಕವಾಗಿತ್ತು. "ಕೈ ಕುಂತಾವು ಈಗ" ಎಂದರು. ಅವರ ಬಾಯಿಂದ ಅದು ದೊಡ್ಡ ಭಾಷಣ. ನಾನೂ ಹೊಗಳಿದೆ.

ಖಾನಾವಳಿಯಲ್ಲಿ ಬೆಳಗಿನ ಜನ ತುಂಬಿದ್ದಾಗ ನಿಂಗಜ್ಜ ಒಳಗೆ ಬಂದ. ಎಡಗೈಯಲ್ಲಿ ಸೀಳಿದ ಪ್ಲಾಸ್ಟರ್, ಬಲಗೈ ಬರಿದು. ಪ್ಲಾಸ್ಟರನ್ನು ತಟ್ಟೆಗಳ ನಡುವೆ ಕುಕ್ಕಿ, ಬಲಗೈಯಿಂದ ನೀರು ತುಂಬಿದ ತಾಮ್ರದ ಕೊಡವನ್ನು ಎತ್ತಿ ಹಿಡಿದ.

"ಇದು ಹೆಂಗ ಕೂಡಿತು?" ಎಂದ.

"ಭಾಳ ಛಲೋ ಆತಲ್ಲ ಅಜ್ಜಾ" ಎಂದು ಯಾರೋ ಹೇಳಿದರು.

"ಛಲೋ ಅಂತ ಛಲೋ. ತಲ್ಯಾಗ ಏನರ ಐತೇನು ನಿಮಗ? ಡಾಕ್ಟರು ಸಂಕ್ರಾಂತಿ ತನಕ ಬಿಚ್ಚಬ್ಯಾಡ ಅಂದಾರ. ನಿನ್ನೆ ಮಟ್ಟಾ ಕೈಬಟ್ಟು ಅಳ್ಳಾಡ್ಸಿದ್ರ ಜೀವ ಹೋಗ್ತಿತ್ತು. ಇವತ್ತ ಕೊಡಾ ಎತ್ತಾಕತ್ತೀನಿ. ಈ ಓಣ್ಯಾಗ ಕೂಡಬಾರದ್ದು ಕೂಡೈತಿ ಅಂದ್ರ ಏನರ್ಥ?" ಕೊಡ ಇಳಿಸಿ ಅಡುಗೆಮನೆಯ ಕಡೆ ತಿರುಗಿದ. "ಬಂಗಾರೀ, ಹೊರಗ ಬಾ. ಗುಳಿಗಿ ಬಿಟ್ಟೀ ಏನ?"

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಭಾವನವರು ಸಾರಿನ ಪಾತ್ರೆಯನ್ನು ಕೆಳಗಿಟ್ಟು ಒಳಗೆ ಹೋಗಿ ದಿಂಬಿನ ಚೀಲ ತಂದರು. ತಾವು ಹಾಕಿದ ದಾರದ ತುದಿ ಹಿಡಿದು ಎಳೆದರು. ದಾರ ಸಲೀಸಾಗಿ ಜಾರಿ ಬಂತು. ಕೆಳಗಿನ ಬಟ್ಟೆ ಮಗ್ಗದಿಂದ ಇಳಿಸಿದಂತೆ ಇಡಿಯಾಗಿತ್ತು. ಅವರು ದಾರವನ್ನು ಬೆರಳಿಗೆ ಸುತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತರು.

ಅಕ್ಕ ಹಿಟ್ಟಿನ ಕೈಯಲ್ಲೇ ಬಂದು ಚೌಕಟ್ಟಿಗೆ ಒರಗಿದಳು. "ಹೌದು, ಬಿಟ್ಟೀನಿ. ಇವರು ಕೊಟ್ಟಿದ್ದನ್ನ ನಾಲಿಗಿ ಕೆಳಗ ಇಟ್ಕೊಂಡು ಹಿತ್ತಲದಾಗ ಉಗಳ್ತಿದ್ದೆ" ಎಂದಳು.

"ಯಾಕಕ್ಕಾ?" ಎಂದೆ.

"ಅಜ್ಜ ಮುರದ ಕೈ ತೊಡೀ ಮ್ಯಾಲ ಇಟಗೊಂಡು ಎದುರಿಗೇ ಕುಂದರತಿದ್ದ. ಒಂದೊಂದು ರೊಟ್ಟಿ ಬಡಿವಾಗೂ ಅದೇ ಕಣ್ಣಿಗೆ ಬೀಳ್ತಿತ್ತು. ನಾಳೆ ಶೇಖವ್ವನ ಮೊಮ್ಮಗಳು ಬೀಳ್ತಾಳ. ನಾ ಒಬ್ಬಾಕಿ ಉಳಿಯಾಕ ಓಣೀ ಮಂದಿಯೆಲ್ಲಾ ಮುರಕೋಬೇಕೇನು? ನನಗೇನು ಮಕ್ಕಳೋ ಮರಿಯೋ."

"ನಾ ನಿನಗ ಗುಳಿಗಿ ಬಿಡು ಅಂದಿದ್ನೇನು?" ಎಂದ ನಿಂಗಜ್ಜ.

"ದಿನಾ ಬೈತಿದ್ದಿ ಅಲ್ಲ."

"ಬೈತಿದ್ದೆ. ನಾ ಮಳೀಗೂ ಬೈತೀನಿ, ಬಿಸಿಲಿಗೂ ಬೈತೀನಿ. ನನ್ನ ಹೇಂತಿಗೆ ಜೀವಮಾನ ಎಲ್ಲಾ ಬೈದೆ. ಆಕಿ ಹ್ವಾದ ಮ್ಯಾಲ ಆಕಿ ಕುಂದರತಿದ್ದ ಜಾಗಾಕ್ಕ ಬೈತೀನಿ. ಬೈದವರೆಲ್ಲಾ ಸಾಯ್ಲಿ ಅಂತ ಬೈತಾರೇನು?" ಕೂಡಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. "ನಿನ್ನ ಜೀವಾ ಕೊಟ್ಟು ನನ್ನ ಕೈ ಕೂಡಸಂತ ನಿನಗ ಯಾರು ಹೇಳಿದ್ರು? ಈ ಕೈಲೇ ಇನ್ನ ನಾ ಹೆಂಗ ಉಣ್ಣಲಿ?"

ಆಗ ನೆಲದ ಮೇಲೆ ಕೂತಿದ್ದ ಭಾವನವರು ಮಾತಾಡಿದರು. ಅಷ್ಟು ಜನರ ಮುಂದೆ ಅವರು ಹೆಂಡತಿಯ ಹೆಸರು ಹಿಡಿದು ಕರೆದದ್ದನ್ನು ಯಾರೂ ಕೇಳಿರಲಿಲ್ಲ.

"ಬಂಗಾರೀ, ನಾ ಹೊಲಿಗಿ ಕಲತೀನಿ. ನೀ ಇಲ್ಲಂದ್ರ ಯಾರ ಸೀರಿ ಹೊಲೀಲಿ?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಹಿಟ್ಟು ಕೆನ್ನೆಗೆಲ್ಲ ಮೆತ್ತಿತು. ನಾನು ಓಡಿಹೋಗಿ ಗುಳಿಗೆ ತಂದೆ. ನೀರು ಕೊಟ್ಟವನು ನಿಂಗಜ್ಜ, ಬಲಗೈಯಿಂದಲೇ. ಅವಳು ನುಂಗಿದ ಮೇಲೆ, "ಬಾಯಿ ತಗಿ, ನಾಲಿಗಿ ಎತ್ತು" ಎಂದು ಬಗ್ಗಿ ನೋಡಿದ. ಅಂದಿನಿಂದ ಬೆಳಿಗ್ಗೆ ಸಂಜೆ ಅದು ಅವನ ಕೆಲಸವಾಯಿತು. ಬೈಯುತ್ತಲೇ ಬರುತ್ತಿದ್ದ, ನೋಡಿ ಬೈಯುತ್ತಲೇ ಹೋಗುತ್ತಿದ್ದ.

ಬಿಟ್ಟ ದಿನಗಳು ಸುಮ್ಮನೆ ಹೋಗಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಗಡ್ಡೆ ಮತ್ತೆ ತಲೆಯೆತ್ತಿದ್ದು ಕಂಡಿತು. ಡಾಕ್ಟರ್ ವಿದುಲಾ ಬೈಯಲಿಲ್ಲ. ಕಾಗದವನ್ನು ಬಹಳ ಹೊತ್ತು ನೋಡಿ, "ಇದಕ್ಕೂ ಬುದ್ಧಿ ಇದೆ ಬಂಗಾರೆವ್ವ. ಬಿಡುವು ಕೊಟ್ಟರೆ ಗುಳಿಗೆಯಿಂದ ತಪ್ಪಿಸಿಕೊಳ್ಳೋ ದಾರಿ ಹುಡುಕುತ್ತೆ. ಹುಡುಕಿದೆಯೋ ಇಲ್ಲವೋ ಕಾದು ನೋಡಬೇಕು" ಎಂದರು. ಆ ಚಳಿಗಾಲವೆಲ್ಲ ನಾವು ಕಾದೆವು. ಅಕ್ಕನಿಗೆ ರಕ್ತ ಕಡಿಮೆಯಾಗಿ ಎರಡು ಸಲ ರಕ್ತ ಹಾಕಿಸಬೇಕಾಯಿತು. ಒಂದು ಸಲ ಕೊಟ್ಟವನು ಹುಸೇನಸಾಬ, ಇನ್ನೊಂದು ಸಲ ಶೇಖವ್ವನ ಅಳಿಯ. ಹೊಟ್ಟೆಯ ಮೇಲೆ ಕೈಯಿಟ್ಟು, ಬಾತಿದೆಯೇ ನೋಡು ಎಂದು ಅಕ್ಕ ನನ್ನನ್ನು ಕೇಳುತ್ತಿದ್ದಳು. ನಾನು ಇಲ್ಲ ಎನ್ನುತ್ತಿದ್ದೆ. ನಿಜಕ್ಕೂ ಗೊತ್ತಾಗುತ್ತಿರಲಿಲ್ಲ.

ಈ ನಡುವೆ ಓಣಿ ತನ್ನಷ್ಟಕ್ಕೆ ಕೆಲಸಕ್ಕೆ ಇಳಿದಿತ್ತು. ನಿಂಗಜ್ಜನ ಕಟ್ಟೆಗೆ ಮೆಟ್ಟಿಲು ಕಟ್ಟಿದರು. ಬೋರಿನ ಸುತ್ತ ಜಾರುವಲ್ಲಿ ಮರಳು ಹಾಕಿದರು. ಶೇಖವ್ವ ಅಟ್ಟದ ಏಣಿಯ ಪಕ್ಕ ಹಿಡಿದು ಹತ್ತಲು ಹಗ್ಗ ಕಟ್ಟಿದಳು, ಮೊಮ್ಮಗಳ ತೊಟ್ಟಿಲ ಕೆಳಗೆ ಹಳೆಯ ಹಾಸಿಗೆ ಹರವಿದಳು. ಹೆಂಗಸರು ಸೂಜಿದಾರ ಹಿಡಿದು ನನ್ನ ಹೊಸ್ತಿಲಿಗೆ ಬರತೊಡಗಿದರು. ಬೇರೆ ಓಣಿಯ ಹುಡುಗರು ಚೆಂಡು ಹುಡುಕುತ್ತ ಬಂದರೆ ನಮ್ಮ ಹುಡುಗರು ದಾರಿಗೆ ಅಡ್ಡ ನಿಂತು, "ಇಲ್ಲಿ ಮೆತ್ತಗ ನಡೀರಿ, ಇದು ನಮ್ಮ ಬಂಗಾರೆವ್ವಾಯಿ ಓಣಿ" ಎನ್ನುತ್ತಿದ್ದರು.

ಯುಗಾದಿಯ ಮುಂಚಿನ ಪರೀಕ್ಷೆಗೆ ನಿಂಗಜ್ಜನೂ ನಮ್ಮೊಂದಿಗೆ ಬಂದ. ಡಾಕ್ಟರ್ ವಿದುಲಾ ಕಾಗದ ನೋಡಿ, ಕನ್ನಡಕ ತೆಗೆದು, ಅಕ್ಕನ ಕೈ ಹಿಡಿದರು. ಗಡ್ಡೆ ಇಳಿದಿತ್ತು. ಪೂರ್ತಿ ಹೋಯಿತು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಗುಳಿಗೆ ಬಿಡಬೇಡಿ ಎಂದಷ್ಟೇ ಹೇಳಿದರು. "ಬಿಡಾಕ ನಾ ಬಿಟ್ರ ಹೌದಲ್ಲ" ಎಂದ ನಿಂಗಜ್ಜ. ಬಸ್ಸಿನಲ್ಲಿ ಭಾವನವರು ಕಿಟಕಿಯ ಪಕ್ಕ ಅಕ್ಕನನ್ನು ಕೂರಿಸಿ, ಘಟ್ಟ ಇಳಿಯುವ ತನಕ ಅವಳ ಸೆರಗಿನ ತುದಿಯನ್ನು ಬೆರಳಲ್ಲಿ ಹಿಡಿದೇ ಇದ್ದರು.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ಅಕ್ಕ ಈಗಲೂ ಗುಳಿಗೆ ತೆಗೆದುಕೊಳ್ಳುತ್ತಾಳೆ. ಸುಸ್ತಾದ ದಿನ ಮಲಗುತ್ತಾಳೆ, ಆಗದ ದಿನ ಯಾರನ್ನಾದರೂ ಬೈಯುತ್ತಾಳೆ. ಮುಂದೆ ಹೇಗೋ ಯಾರಿಗೂ ಗೊತ್ತಿಲ್ಲ.

ಮೊನ್ನೆ ಸಂಜೆಗೆ ಮುಂಚೆ ಒಬ್ಬ ಹೆಣ್ಣುಮಗಳು ತಳ್ಳುಗಾಡಿ ದೂಡಿಕೊಂಡು ನಮ್ಮ ಓಣಿಯ ಬಾಯಿಗೆ ಬಂದು ನಿಂತಳು. ಗಾಡಿಯಲ್ಲಿ ಬಾಡಿದ ಮುಖದ ಗಂಡ, ಅವನ ಸುತ್ತ ಪಾತ್ರೆ, ಹಾಸಿಗೆ, ಒಂದು ಟ್ರಂಕು. ನಮ್ಮೂರಿನದೇ ಕೆಳಗಿನ ಪೇಟೆಯವರಂತೆ. ಹೆಸರು ಚನ್ನವ್ವ. ಗಂಡನಿಗೂ ಅಂಥದೇ ಕಾಯಿಲೆ, ಅದೇ ಗುಳಿಗೆ. ಅವರ ಓಣಿಯವರು ಒಡೆದದ್ದು ಕೂಡದ್ದನ್ನು ನಾಲ್ಕು ದಿನ ನೋಡಿ, ಬೇರೆ ಕಡೆ ಹೋಗಿ ಎಂದಿದ್ದರು. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು.

"ಇವರು ಗುಳಿಗಿ ತಗೊಂಡ್ರ ನಿಮ್ಮದು ಇನ್ನಷ್ಟು ಕೆಡ್ತೈತೋ ಏನೋ ಗೊತ್ತಿಲ್ರಿ. ಇಲ್ಲೆ ಎಲ್ಲಿಯರ ಇರಬಹುದೇನ್ರಿ?"

ಶೇಖವ್ವ ತನ್ನ ಪಕ್ಕದ ಖಾಲಿ ಮನೆಯ ಕೀಲಿ ತರಲು ಹೋದಳು. "ಆ ಮನಿ ಸೋರ್ತೈತಿ, ಇಲ್ಲಿ ಸೋರೂದು ತಾನಾಗಿ ನಿಲ್ಲೂದಿಲ್ಲ, ಬುದ್ಧಿ ಐತೇನು ನಿನಗ" ಎಂದು ನಿಂಗಜ್ಜ ಅವಳನ್ನು ಬೈದು, ತನ್ನ ಪಡಸಾಲೆಯ ಬಾಗಿಲು ತೆರೆದಿಟ್ಟ. ಭಾವನವರು ಆ ಗಂಡಸಿನ ತೋಳಿಗೆ ಹೆಗಲು ಕೊಟ್ಟು ಮೆಲ್ಲಗೆ ಇಳಿಸಿದರು. ಅಕ್ಕ ಹಾಸಿಗೆಯ ಸುರುಳಿ ಎತ್ತಿಕೊಂಡಳು, ನಾನು ಪಾತ್ರೆಯ ಗಂಟು, ಹುಡುಗರು ಟ್ರಂಕಿನ ಎರಡು ಬದಿ. ಚನ್ನವ್ವ ಖಾಲಿ ಗಾಡಿಯ ಹಿಡಿಕೆ ಹಿಡಿದು, ಇರಬಹುದೇ ಎಂದು ಇನ್ನೊಮ್ಮೆ ಕೇಳಿದಳು. ಅಷ್ಟರಲ್ಲಿ ಎಲ್ಲರ ಕೈಯಲ್ಲೂ ಅವಳ ಸಾಮಾನು ಇತ್ತು.